ಕೊಳ್ಳೇಗಾಲದ ಸೀಮೆಯಲ್ಲಿ ದೇಹಾಲಸ್ಯವೂ ಅಕಾಲ ನಿವೃತ್ತಿಯೂ

ನಿವೃತ್ತಿ ಎಂದೊಡನೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ಮನಸ್ಸಿಗೆ ಬರುವ ಚಿತ್ರ ಸಾಮಾನ್ಯವಾಗಿ ಒಂದೇ ಬಗೆಯದು: ಕಾನೂನು ಗೊತ್ತುಮಾಡಿದ ವಯಸ್ಸು, ಆ ವಯಸ್ಸು ತುಂಬಿದ ತಿಂಗಳಿನ ಕೊನೆಯ ದಿವಸ, ಒಂದು ಹಾರ, ಒಂದು ಶಾಲು, ಮರುತಿಂಗಳಿನಿಂದ ವಿಶ್ರಾಂತಿವೇತನ. ಸರ್ಕಾರದ ಕಛೇರಿಗೂ ಪಾಠಶಾಲೆಗೂ ಈ ಚಿತ್ರ ಒಪ್ಪುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ತಾಲ್ಲೂಕುಗಳಲ್ಲಿ ಮೈಮುರಿದು ದುಡಿಯುವವರಿಗೆ ಇದು ಸಲ್ಲುವುದಿಲ್ಲ. ರೇಷ್ಮೆಯ ಗೂಡಿನಿಂದ ನೂಲು ಬಿಚ್ಚುವವರಿಗೆ, ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವವರಿಗೆ, ಕಲ್ಲಿನ ಗಣಿಯಲ್ಲಿ ತಮಟು ಹಿಡಿಯುವವರಿಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇಂತಿಷ್ಟು ವಯಸ್ಸಿಗೆ ಕೆಲಸ ಬಿಡತಕ್ಕದ್ದೆಂದು ಯಾರೂ ವಿಧಿಸಿಲ್ಲ. ಆದರೂ ಇವರು ಕೆಲಸ ಬಿಡುತ್ತಾರೆ. ಐವತ್ತು ತುಂಬುವುದಕ್ಕೆ ಮುಂಚೆಯೇ ಬಿಟ್ಟವರನ್ನು ನಾವು ಕಂಡಿದ್ದೇವೆ. ಕಾರಣ ಕೇಳಿದರೆ ಕಣ್ಣು, ಮಂಡಿ, ಸೊಂಟ, ಉಸಿರು ಎಂದು ಹೇಳುತ್ತಾರೆ.

ಹಿರಿಯ ವಯಸ್ಸಿನ ಕೆಲಸಗಾರನು ಅವಧಿಗೆ ಮುನ್ನ ದುಡಿಮೆಯಿಂದ ಹಿಂದೆ ಸರಿಯುವ ನಿರ್ಧಾರದಲ್ಲಿ ಅನಾರೋಗ್ಯದ ಪಾತ್ರ ಎಷ್ಟು, ಅದು ಯಾವ ರೀತಿಯಲ್ಲಿ ಕೆಲಸಮಾಡುತ್ತದೆ ಎಂಬುದನ್ನು ಈ ಮೂರು ತಾಲ್ಲೂಕುಗಳ ಕಸಬುಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ನಮಗೆ ತೋರುವ ಮಟ್ಟಿಗೆ ಇಲ್ಲಿ ನಿರ್ಧಾರವೆಂಬುದು ಒಂದು ದಿನದ ಘಟನೆಯಾಗಿರುವುದು ಅಪರೂಪ. ಕಾಯಿಲೆಯು ಮನುಷ್ಯನನ್ನು ಮೆಟ್ಟಿಲುಮೆಟ್ಟಿಲಾಗಿ ಕೆಳಗಿಳಿಸುತ್ತದೆ. ಕಾನೂನಾದರೋ ಎರಡೇ ಸ್ಥಿತಿಗಳನ್ನು ಬಲ್ಲದು: ಕೆಲಸಕ್ಕೆ ಅರ್ಹ, ಕೆಲಸಕ್ಕೆ ಪೂರ್ತಿ ಅನರ್ಹ. ಇವೆರಡರ ನಡುವಣ ಹತ್ತು ಹದಿನೈದು ವರ್ಷಗಳ ಜೀವನವೇ ನಮ್ಮ ವಿಚಾರದ ವಸ್ತು.

ಮೊದಲು ಈ ನಾಡಿನ ಪೂರ್ವಚರಿತ್ರೆಯನ್ನು ಎರಡು ಮಾತುಗಳಲ್ಲಿ ಹೇಳಬೇಕು. ಕೊಳ್ಳೇಗಾಲವು ೧೯೫೬ರ ನವೆಂಬರ್ ೧ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದು, ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿ ಮೈಸೂರಿಗೆ ಸೇರಿತು. ಮದರಾಸು ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದ ಮುಖ್ಯ ಪ್ರದೇಶವೇ ಇದಾಗಿತ್ತು. ಹನೂರು ಇದೇ ತಾಲ್ಲೂಕಿನ ಭಾಗವಾಗಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಯಳಂದೂರಿನ ಕಥೆ ಬೇರೆ. ಅದು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಸೀಮೆ. ಪೂರ್ಣಯ್ಯನವರು ಅರವತ್ತು ದಾಟಿದ ಮೇಲೆ, ೧೮೧೧ರಲ್ಲಿ, ಅಧಿಕಾರದಿಂದ ನಿವೃತ್ತರಾಗಿ ಮರುವರ್ಷದ ಮಾರ್ಚಿಯಲ್ಲಿಯೇ ತೀರಿಕೊಂಡರು. ಅವರ ನಿವೃತ್ತಿಗೆ ಕಾರಣ ದೇಹಾಲಸ್ಯಕ್ಕಿಂತ ಹೆಚ್ಚಾಗಿ ಅರಸೊತ್ತಿಗೆಯಲ್ಲಿ ಆದ ಬದಲಾವಣೆ. ಆದರೂ ಸೇವೆಯ ಫಲವಾಗಿ ಒಂದು ಸೀಮೆಯೇ ವಂಶಪಾರಂಪರ್ಯವಾಗಿ ದೊರೆತ ಊರಿನಲ್ಲಿ ಕುಳಿತು, ಸೇವೆಯ ಫಲವಾಗಿ ಏನೂ ದೊರೆಯದವರ ವಿಷಯ ಬರೆಯುವಾಗ ಆ ಸಂಗತಿ ನೆನಪಿಗೆ ಬಾರದಿರುವುದಿಲ್ಲ.

ನಿವೃತ್ತಿಯ ವಯಸ್ಸೆಂಬುದೇ ಚರಿತ್ರೆಯಲ್ಲಿ ತೀರ ಹೊಸದು. ಜರ್ಮನಿಯ ೧೮೮೯ರ ಕಾಯಿದೆಯನ್ನು ಇದರ ಮೂಲವೆಂದು ಹೇಳುವುದು ವಾಡಿಕೆ. ಅದರಲ್ಲಿ ವೃದ್ಧಾಪ್ಯವೇತನಕ್ಕೆ ಗೊತ್ತುಮಾಡಿದ್ದ ವಯಸ್ಸು ೭೦. ೧೯೧೬ರಲ್ಲಿ ಅದು ೬೫ಕ್ಕೆ ಇಳಿಯಿತು. ಆದರೆ ಪಠ್ಯಪುಸ್ತಕಗಳು ಮರೆಯುವ ಒಂದು ಅಂಶವಿದೆ. ಆ ಕಾಯಿದೆಯ ಹೆಸರಿನಲ್ಲಿ ವೃದ್ಧಾಪ್ಯದ ಜೊತೆಗೆ ಅಶಕ್ತತೆಯೂ ಸೇರಿತ್ತು. ರೋಗದಿಂದ ಸಂಪಾದನೆಯ ಶಕ್ತಿ ಕುಂದಿದವನಿಗೆ ಯಾವ ವಯಸ್ಸಿನಲ್ಲಾದರೂ ವೇತನ ಸಲ್ಲುವಂತಿತ್ತು. ಮುಂದಿನ ದಶಕಗಳಲ್ಲಿ ವಯಸ್ಸಿನ ಕಾರಣದಿಂದ ವೇತನ ಪಡೆದವರಿಗಿಂತ ಅಶಕ್ತತೆಯ ಕಾರಣದಿಂದ ಪಡೆದವರ ಸಂಖ್ಯೆ ಬಹಳ ಹೆಚ್ಚಾಗಿತ್ತು. ಕಾರ್ಖಾನೆಯ ಕೆಲಸಗಾರನು ಎಪ್ಪತ್ತರವರೆಗೆ ಬಾಳಿದರೂ ಎಪ್ಪತ್ತರವರೆಗೆ ದುಡಿಯಲಾರನೆಂಬುದು ಆ ಸರ್ಕಾರಕ್ಕೆ ಗೊತ್ತಿತ್ತು.

ನಮ್ಮಲ್ಲಿ ಈ ಎರಡು ಎಳೆಗಳೂ ಉಳಿದು ಬಂದಿರುವುದು ಸರ್ಕಾರಿ ನೌಕರಿಯಲ್ಲಿ. ಕರ್ನಾಟಕದಲ್ಲಿ ನೌಕರರ ನಿವೃತ್ತಿಯ ವಯಸ್ಸನ್ನು ೨೦೦೮ರಲ್ಲಿ ೫೮ರಿಂದ ೬೦ಕ್ಕೆ ಏರಿಸಲಾಯಿತು. ದೇಹವೋ ಮನಸ್ಸೋ ಶಾಶ್ವತವಾಗಿ ಅಶಕ್ತವಾದ ನೌಕರನು ವೈದ್ಯರ ಯೋಗ್ಯತಾಪತ್ರ ತಂದರೆ ಅಶಕ್ತತಾ ವೇತನವೆಂಬುದುಂಟು. ತಾನಾಗಿ ಹಿಂದೆ ಸರಿಯುವವನಿಗೆ ಸ್ವಇಚ್ಛಾ ನಿವೃತ್ತಿಯುಂಟು. ಯಳಂದೂರಿನ ಗುಮಾಸ್ತನೊಬ್ಬನಿಗೆ ಹೃದಯದ ತೊಂದರೆ ಬಂದರೆ ಅವನು ಲೆಕ್ಕಹಾಕಬಲ್ಲನು: ರಜೆ ಇಷ್ಟಿದೆ, ಸೇವೆ ಇಷ್ಟಾಗಿದೆ, ಈಗ ಬಿಟ್ಟರೆ ಇಷ್ಟು ಬರುತ್ತದೆ, ಎರಡು ವರ್ಷ ತಾಳಿದರೆ ಇಷ್ಟು. ಅವನ ಕಾಯಿಲೆಗೆ ಒಂದು ಅರ್ಜಿಯ ನಮೂನೆಯಿದೆ. ಅದೇ ಬೀದಿಯ ಕೊನೆಯಲ್ಲಿ ವಾಸವಾಗಿರುವ ನೂಲುಬಿಚ್ಚುವವಳಿಗೆ ಅಂಥ ಲೆಕ್ಕವೂ ಇಲ್ಲ, ನಮೂನೆಯೂ ಇಲ್ಲ.

ನೂಲು ಬಿಚ್ಚುವ ಕಸಬನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿದರೆ ಎಳೆಗಳನ್ನು ಅಂಟಿಸಿಕೊಂಡಿರುವ ಸೆರಿಸಿನ್ ಎಂಬ ಗೋಂದು ಸಡಿಲವಾಗುತ್ತದೆ. ಆಗ ಹಲವು ಗೂಡುಗಳ ಎಳೆಯ ತುದಿಗಳನ್ನು ಹಿಡಿದು ಕೂಡಿಸಿ ರಾಟೆಗೆ ಎತ್ತಬೇಕು. ಹಳೆಯ ಚರಕದಲ್ಲಿ ಒಬ್ಬರು ಕುದಿಯುವ ಬಾಂಡಲೆಯ ಮುಂದೆ ಕುಳಿತು ಎಳೆ ಕೊಡುತ್ತಾರೆ, ಇನ್ನೊಬ್ಬರು ಚಕ್ರ ತಿರುಗಿಸುತ್ತಾರೆ. ಕಾಟೇಜ್ ಬೇಸಿನ್ನಿನಲ್ಲಿ ಬೇಯಿಸುವ ಪಾತ್ರೆ ಬೇರೆಯಾಗಿ, ಬಿಚ್ಚುವ ತೊಟ್ಟಿಯ ನೀರಿನ ಕಾವು ಕಡಿಮೆಯಾಯಿತು. ಆದರೆ ಕೈ ನೀರಿನಲ್ಲಿಯೇ ಉಳಿಯಿತು. ದಿನಕ್ಕೆ ಎಂಟು ಗಂಟೆ ಬಿಸಿನೀರಿನಲ್ಲಿ ನೆನೆದ ಬೆರಳುಗಳ ಚರ್ಮ ಬೆಳ್ಳಗೆ ಉಬ್ಬಿ ಸುಲಿಯುತ್ತದೆ. ಸುಲಿದ ಕಡೆ ಹುಣ್ಣಾಗಿ ಕೀವು ತುಂಬುತ್ತದೆ. ಸತ್ತ ಹುಳುವಿನ ವಾಸನೆ, ಒಲೆಯ ಹೊಗೆ, ಹಬೆಯೊಡನೆ ಏಳುವ ಸೂಕ್ಷ್ಮ ಕಣ ಇವು ಶ್ವಾಸಕೋಶಕ್ಕೆ ಸೇರುತ್ತವೆ. ರೇಷ್ಮೆ ಬಿಚ್ಚುವವರಲ್ಲಿ ಉಬ್ಬಸದ ವಿಷಯವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೧೯೮೫ರಲ್ಲಿಯೇ ಪ್ರಬಂಧ ಪ್ರಕಟಿಸಿದ್ದಾರೆ. ರೇಷ್ಮೆಯ ಪದಾರ್ಥವೇ ಒಗ್ಗದಿಕೆಗೆ ಕಾರಣವಾಗಿ ಕಸಬಿನಿಂದ ಉಬ್ಬಸ ಹುಟ್ಟುತ್ತದೆಂದು ಅದರಿಂದ ತಿಳಿಯುತ್ತದೆ.

ಕೈಯ ಹುಣ್ಣು ಎರಡು ದಿನ ಬಿಟ್ಟರೆ ಮಾಯುತ್ತದೆ. ಆದ್ದರಿಂದ ಅದು ಯಾರನ್ನೂ ನಿವೃತ್ತಿಗೊಳಿಸುವುದಿಲ್ಲ. ನಿವೃತ್ತಿಗೊಳಿಸುವುದು ಉಬ್ಬಸ. ಅದು ಮೊದಲು ಚಳಿಗಾಲದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಆಗ ಹೆಂಗಸು ವಾರಕ್ಕೆ ಆರು ದಿನದ ಬದಲು ನಾಲ್ಕು ದಿನ ಬರುತ್ತಾಳೆ. ಆಮೇಲೆ ಬಾಂಡಲೆಯ ಮುಂದಿನಿಂದ ಎದ್ದು ಗೂಡು ಆರಿಸುವ, ಜೊಂಡು ತೆಗೆಯುವ, ಲಡಿ ಕಟ್ಟುವ ಕೆಲಸಕ್ಕೆ ಹೋಗುತ್ತಾಳೆ, ಕೂಲಿ ಕಡಿಮೆ. ಕೊನೆಗೆ ಮನೆಯಲ್ಲಿ ಉಳಿಯುತ್ತಾಳೆ. ಜನಗಣತಿಯವರು ಬಂದಾಗ ವರ್ಷದಲ್ಲಿ ೧೮೩ ದಿನಕ್ಕೆ ಕಡಿಮೆ ದುಡಿದ ಕಾಲದಲ್ಲಿ ಅವಳು ಅಲ್ಪಾವಧಿಯ ಕೆಲಸಗಾರಳೆಂದೂ, ಆ ಬಳಿಕ ಗೃಹಕೃತ್ಯದಲ್ಲಿ ತೊಡಗಿದವಳೆಂದೂ ಲೆಕ್ಕಕ್ಕೆ ಬರುತ್ತಾಳೆ. ಮೂವತ್ತು ವರ್ಷ ನೂಲು ಬಿಚ್ಚಿದವಳೊಬ್ಬಳು ರೋಗದಿಂದ ನಿವೃತ್ತಳಾದಳೆಂಬ ಸಂಗತಿ ಯಾವ ಕಾಗದದಲ್ಲಿಯೂ ಮೂಡುವುದಿಲ್ಲ. ಈ ಕೆಲಸದಲ್ಲಿ ಹೆಂಗಸರೇ ಬಹುಮಂದಿ ಇರುವುದರಿಂದ ಈ ಮರೆವು ಸಣ್ಣದಲ್ಲ.

ಕೊಳ್ಳೇಗಾಲದ ಹೆಸರನ್ನು ದೂರದವರೆಗೆ ಒಯ್ದದ್ದು ಮಗ್ಗ. ಇಲ್ಲಿಯ ಜರಿಯಂಚಿನ ಬಟ್ಟೆಗಳ ಖ್ಯಾತಿಯನ್ನು ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳೂ ಹೇಳಿವೆ. ನೇಕಾರನ ದೇಹದಲ್ಲಿ ಮೊದಲು ಸೋಲುವುದು ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ ವಸ್ತು ಮಸಕಾಗುವುದು ಎಲ್ಲ ಮನುಷ್ಯರಿಗೂ ಸಹಜ. ನಮ್ಮ ಜನ ಇದಕ್ಕೆ ಚಾಳೀಸು ಎನ್ನುತ್ತಾರೆ. ನಲವತ್ತು ಎಂಬ ಅರ್ಥದ ಹಿಂದುಸ್ತಾನಿ ಮಾತೇ ರೋಗಕ್ಕೂ ಅದರ ಕನ್ನಡಕಕ್ಕೂ ಹೆಸರಾಗಿ ನಿಂತಿದೆ. ಗುಮಾಸ್ತನಿಗೆ ಚಾಳೀಸು ಒಂದು ಅನಾನುಕೂಲ ಮಾತ್ರ. ಹಾಸಿನಲ್ಲಿ ಕಡಿದ ಕೂದಲೆಳೆಯಂಥ ರೇಷ್ಮೆಯನ್ನು ಹುಡುಕಿ ಗಂಟುಹಾಕಬೇಕಾದ ನೇಕಾರನಿಗೆ ಅದು ಜೀವನದ ಪ್ರಶ್ನೆ. ಇದರ ಮೇಲೆ ಗುಂಡಿಯಲ್ಲಿ ಮೆಟ್ಟುಹಲಗೆ ತುಳಿದು ತುಳಿದು ಸವೆದ ಮಂಡಿ. ಜಕಾರ್ಡ್ ಬಂದ ಮೇಲೆ ಇನ್ನೂ ಹೆಚ್ಚಿದ ತುಳಿತದ ಭಾರ. ಮುಂದಕ್ಕೆ ಬಗ್ಗಿಯೇ ಕಳೆದ ಸೊಂಟ.

ಕೊಳ್ಳೇಗಾಲದ ನೇಯ್ಗೆಯ ಬೀದಿಯೊಂದರಲ್ಲಿ ನಮ್ಮೊಡನೆ ಮಾತನಾಡಿದ ಹಿರಿಯರೊಬ್ಬರು ತಮ್ಮ ಇಳಿತವನ್ನು ಬಹಳ ಕ್ರಮವಾಗಿ ಹೇಳಿದರು. ನಲವತ್ತೈದರವರೆಗೆ ದೊಡ್ಡ ಸೆರಗಿನ ಸೀರೆ. ಆಮೇಲೆ ಸಣ್ಣ ಅಂಚಿನದು. ಐವತ್ತರ ಹೊತ್ತಿಗೆ ಬರಿಯ ಸಾದಾ ಬಟ್ಟೆ. ಅದೂ ಹಗಲಿನ ಬೆಳಕಿನಲ್ಲಿ ಮಾತ್ರ. ತರುವಾಯ ಮಗ್ಗವನ್ನು ಮಗನಿಗೆ ಬಿಟ್ಟು ತಾವು ಕಂಡಿಕೆ ಸುತ್ತುತ್ತ ಕುಳಿತರು. "ಕೆಲಸ ಯಾವಾಗ ಬಿಟ್ಟಿರಿ?" ಎಂಬ ನಮ್ಮ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ, ನಾವು ಕೇಳಿದ ಕ್ಷಣದಲ್ಲಿಯೂ ಅವರ ಕೈಯಲ್ಲಿ ಕಂಡಿಕೆಯಿತ್ತು. ಪ್ರಶ್ನೆ ತಪ್ಪೆಂದು ನಮಗೆ ಆಗ ಹೊಳೆಯಿತು.

ಈ ಇಳಿತ ಇಷ್ಟು ಸದ್ದಿಲ್ಲದೆ ನಡೆಯುವುದಕ್ಕೆ ಕೂಲಿಯ ಪದ್ಧತಿಯೇ ಕಾರಣ. ನೇಯ್ಗೆಯಲ್ಲಿ ಕೂಲಿ ದಿನದ ಲೆಕ್ಕದ್ದಲ್ಲ, ಸೀರೆಯ ಲೆಕ್ಕದ್ದು. ಕಣ್ಣು ಮಂಜಾದವನನ್ನು ಯಜಮಾನನು ತೆಗೆದುಹಾಕಬೇಕಾಗಿಲ್ಲ. ನಾಲ್ಕು ದಿನದ ಸೀರೆ ಏಳು ದಿನವಾದರೆ ನಷ್ಟವೆಲ್ಲ ನೇಕಾರನದೇ. ಹೀಗೆ ಕಾಯಿಲೆಯ ವೆಚ್ಚ ತಿಂಗಳುತಿಂಗಳಿಗೂ ಅವನ ಮನೆಯ ಅಕ್ಕಿಯಿಂದ ವಸೂಲಾಗುತ್ತ ಹೋಗಿ, ಒಂದು ದಿನ ಮಗ್ಗದ ಸಂಪಾದನೆ ಅವನ ಶ್ರಮಕ್ಕೂ ನೋವಿಗೂ ಸಾಲದಂತಾಗುತ್ತದೆ. ಇದಕ್ಕೆ ಎದುರಾಗಿ ಎಳೆಯುವ ಹಗ್ಗವೂ ಒಂದುಂಟು: ಮುಂಗಡ. ಬಂಡವಾಳಗಾರನಿಂದ ಮುಂಗಡ ಪಡೆದವನು ಅದು ತೀರುವವರೆಗೆ ಮಗ್ಗ ಬಿಡುವಂತಿಲ್ಲ. ಸಾಲಕ್ಕಾಗಿ ದುಡಿಮೆಯನ್ನು ಕಟ್ಟಿಹಾಕುವುದನ್ನು ೧೯೭೬ರ ಜೀತಪದ್ಧತಿ ನಿರ್ಮೂಲನ ಕಾಯಿದೆ ನಿಷೇಧಿಸಿದೆ. ಆದರೂ ಮಾತಿನ ಹಂಗು ಕಾಯಿದೆಗಿಂತ ಬಲವಾದದ್ದು. ಆದ್ದರಿಂದ ಒಂದೇ ಮಂಡಿನೋವಿಗೆ ಸಾಲವಿಲ್ಲದವನು ಐವತ್ತಕ್ಕೆ ಏಳುತ್ತಾನೆ, ಸಾಲವಿದ್ದವನು ಐವತ್ತೇಳಕ್ಕೂ ಗುಂಡಿಯಲ್ಲಿರುತ್ತಾನೆ. ಅಕಾಲ ನಿವೃತ್ತಿಯನ್ನು ಕುರಿತ ವಿಚಾರದಲ್ಲಿ ಏಳಲಾರದೆ ಉಳಿದವನನ್ನೂ ಎಣಿಸತಕ್ಕದ್ದು.

ಚಾಳೀಸಿನ ವಿಷಯದಲ್ಲಿ ಒಂದು ಹೊರನಾಡಿನ ಉದಾಹರಣೆ ಉಪಯುಕ್ತವಾದೀತು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ವರ್ಷಕ್ಕೆ ಮೇಲ್ಪಟ್ಟ, ಹತ್ತಿರದ ದೃಷ್ಟಿ ಕುಂದಿದ ೭೫೧ ಮಂದಿ ಕೆಲಸಗಾರರನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ಕೂಡಲೇ ಕನ್ನಡಕ ಕೊಟ್ಟು, ಇನ್ನೊಂದಕ್ಕೆ ಪರೀಕ್ಷೆ ಮುಗಿದ ಬಳಿಕ ಕೊಟ್ಟು ಹೋಲಿಸಿದರು. ೨೦೧೮ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕನ್ನಡಕ ಪಡೆದವರು ಕೊಯ್ದ ಎಲೆಯ ಏರಿಕೆ ಮತ್ತೊಂದು ಗುಂಪಿನವರದಕ್ಕಿಂತ ಶೇಕಡ ೨೧.೭ರಷ್ಟು ಹೆಚ್ಚಾಗಿತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಯಲ್ಲಿ ಕನ್ನಡಕ ದೊರೆತವರ ವರಮಾನವೇ ಮೂರನೆಯ ಒಂದು ಪಾಲು ಹೆಚ್ಚಿತು. ಚಹಾದ ಎಲೆಗಿಂತ ರೇಷ್ಮೆಯ ಎಳೆ ಎಷ್ಟು ಸೂಕ್ಷ್ಮವೆಂಬುದನ್ನು ಓದುಗರೇ ಊಹಿಸಬಹುದು. ವಯಸ್ಸಾಯಿತೆಂದು ಮಗ್ಗ ಬಿಟ್ಟವರಲ್ಲಿ ಕೆಲವರಿಗೆ ಆದದ್ದು ವಯಸ್ಸಲ್ಲ, ಅಗ್ಗದ ಒಂದು ಕನ್ನಡಕದ ಅಭಾವ ಎಂದು ನಾವು ಭಾವಿಸುತ್ತೇವೆ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಅಭ್ಯಾಸವಾದ ಒಂದು ಸಂದೇಹವನ್ನು ಎತ್ತಬೇಕು. ಕೆಲಸ ಬಿಟ್ಟವನು ಕಾಯಿಲೆಯೆಂದು ಹೇಳಿದರೆ ಆ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಕಾಯಿಲೆ ಮರ್ಯಾದೆಯ ಕಾರಣ. ಕೆಲಸ ಸಿಗಲಿಲ್ಲವೆಂದೋ ಮಗನೊಡನೆ ಜಗಳವಾಯಿತೆಂದೋ ಹೇಳುವುದಕ್ಕಿಂತ ಮಂಡಿನೋವೆಂದು ಹೇಳುವುದು ಸುಲಭ. ೧೯೯೦ರ ದಶಕದ ತರುವಾಯ ಚೀಣದ ಕಚ್ಚಾ ರೇಷ್ಮೆಯ ಆಮದಿನಿಂದ ಧಾರಣೆ ಕುಸಿದ ಕಾಲಗಳಲ್ಲಿ ಚರಕ ನಿಲ್ಲಿಸಿದವರೆಲ್ಲರೂ ರೋಗಿಗಳಾಗಿರಲಾರರು. ಇದಕ್ಕೆ ವಿರುದ್ಧವಾದ ತಪ್ಪೂ ಸಾಧ್ಯ: ಬೇಗ ಬಿಟ್ಟು ಮನೆಯಲ್ಲಿ ಕುಳಿತದ್ದರಿಂದಲೇ ದೇಹ ಕೆಟ್ಟಿರಬಹುದು. ಇದನ್ನು ಬಿಡಿಸಬೇಕಾದರೆ ಒಬ್ಬನೇ ಮನುಷ್ಯನನ್ನು ಹಲವು ವರ್ಷ ಅನುಸರಿಸಿ ಕೇಳಬೇಕು. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ೪೫ ವರ್ಷಕ್ಕೆ ಮೇಲ್ಪಟ್ಟ ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕುರಿತು ೨೦೧೭–೧೮ರಲ್ಲಿ ಆರಂಭಿಸಿದ ಸಮೀಕ್ಷೆ ಈ ಬಗೆಯದು.

ಅಮೆರಿಕದ ಡೋರಾ ಕೋಸ್ಟಾ ಎಂಬ ವಿದುಷಿ ೧೯೯೮ರಲ್ಲಿ ಪ್ರಕಟಿಸಿದ ನಿವೃತ್ತಿಯ ಇತಿಹಾಸದಲ್ಲಿ, ಅಲ್ಲಿಯ ಅಂತರ್ಯುದ್ಧದ ಸೈನಿಕರ ವೇತನದ ಕಡತಗಳಲ್ಲಿದ್ದ ವೈದ್ಯಪರೀಕ್ಷೆಗಳನ್ನೇ ಆಧಾರವಾಗಿಟ್ಟುಕೊಂಡಿದ್ದಾರೆ. ಮನುಷ್ಯನ ಮಾತಿಗಿಂತ ಸರ್ಜನನ ಟಿಪ್ಪಣಿ ಹೆಚ್ಚು ನಂಬಲರ್ಹವೆಂಬುದು ಅವರ ಆಯ್ಕೆಯ ಗುಣ. ಅವರು ಕಂಡದ್ದೇನೆಂದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಟ್ಟ ಆರೋಗ್ಯವು ದುಡಿಮೆ ಬಿಡುವುದಕ್ಕೆ ಇದ್ದ ಪ್ರಬಲ ಕಾರಣ. ಕಾಲಕ್ರಮದಲ್ಲಿ ಅದರ ಬಲ ಕುಗ್ಗಿತು. ವರಮಾನ ಬೆಳೆದು, ದೇಹಶ್ರಮದ ಕೆಲಸ ಕಡಿಮೆಯಾಗಿ, ನಿವೃತ್ತಿಯು ವಿರಾಮಕ್ಕಾಗಿ ಆರಿಸಿಕೊಳ್ಳುವ ಸ್ಥಿತಿಯಾಯಿತು. ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಎರಡು ಕಾಲಗಳೂ ಏಕಕಾಲದಲ್ಲಿ ಜೀವಿಸುತ್ತಿವೆ. ಉಪಾಧ್ಯಾಯನ ನಿವೃತ್ತಿ ಇಂದಿನದು, ನೇಕಾರನದು ಅಲ್ಲಿಯ ನೂರು ವರ್ಷದ ಹಿಂದಿನದು.

ಹನೂರಿನ ಕಡೆ ಮಳೆಯನ್ನೇ ನಂಬಿದ ಬೇಸಾಯ. ಅದು ಸಾಲದೆ ಕೂಲಿಗಾಗಿ ಹೊರಗೆ ಹೋಗುವುದು, ಜಿಲ್ಲೆಯ ಕರಿಕಲ್ಲಿನ ಗಣಿಗಳಲ್ಲಿ ದುಡಿಯುವುದು ಸಾಮಾನ್ಯ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಮಿಕ್ಕ ಕಾಯಿಲೆಗಳಂತೆ ಇಳಿಜಾರಿನಲ್ಲಿ ಇಳಿಸುವುದಲ್ಲ. ಅದು ಗುಣವಾಗದು, ಧೂಳು ಬಿಟ್ಟ ಮೇಲೂ ಬೆಳೆಯುತ್ತದೆ. ಕೋಲಾರದ ಚಿನ್ನದ ಗಣಿಗಳ ಅನುಭವದಿಂದ ಮೈಸೂರು ಸಂಸ್ಥಾನವು ೧೯೪೦ರಲ್ಲಿಯೇ ಸಿಲಿಕೋಸಿಸ್ ನಿಯಮಗಳನ್ನು ಮಾಡಿತ್ತೆಂಬುದು ನಮ್ಮ ನಾಡಿಗೆ ಭೂಷಣ. ಆದರೆ ಪರಿಹಾರಕ್ಕೆ ಯಾವ ಗಣಿಯಲ್ಲಿ ಎಷ್ಟು ವರ್ಷ ದುಡಿದೆನೆಂದು ತೋರಿಸಬೇಕು. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದ, ವರ್ಷಕ್ಕೊಂದು ಗಣಿ ಬದಲಾಯಿಸಿದ ಕೂಲಿಗಾರನಿಗೆ ಅದು ಸಾಧ್ಯವಾಗದು. ಕ್ಷಯವೆಂದು ಚಿಕಿತ್ಸೆಯಾಗಿ ಕಾಲ ಕಳೆಯುವುದೂ ಉಂಟು.

ಯಳಂದೂರು ತಾಲ್ಲೂಕಿನ ಬೆಟ್ಟದ ಪೋಡುಗಳಲ್ಲಿ ಪ್ರಶ್ನೆ ಮತ್ತೊಂದು ಬಗೆಯದು. ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆಯೆಂಬ ವಂಶಪಾರಂಪರ್ಯದ ರೋಗ ಕೆಲವರಲ್ಲಿದೆ. ಚಳಿ, ನೀರಡಿಕೆ, ಅತಿಶ್ರಮ ಇವುಗಳಿಂದ ಎಲುಬುಗಳಲ್ಲಿ ತಡೆಯಲಾರದ ನೋವು ಬರುವುದು, ತೊಡೆಯ ಎಲುಬಿನ ತಲೆ ರಕ್ತಸಂಚಾರವಿಲ್ಲದೆ ಸಾಯುವುದು ಇದರ ಲಕ್ಷಣ. ಜೇನಿಗಾಗಿ ಮರ ಹತ್ತುವ, ನೆಲ್ಲಿ, ಪಾಚಿ ಹೊತ್ತು ತರುವ ಜೀವನದಲ್ಲಿ ಸೊಂಟದ ಕೀಲು ಹೋದರೆ ಮೂವತ್ತೈದಕ್ಕೇ ಕಸಬು ಮುಗಿದಂತೆ. ಇಂಥವನನ್ನು ಹಿರಿಯ ಕೆಲಸಗಾರನೆಂದು ಕರೆಯಲು ನಾಲಿಗೆ ಹಿಂಜರಿಯುತ್ತದೆ. ಡಾಕ್ಟರ್ ಎಚ್. ಸುದರ್ಶನ್ ಅವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಈ ರೋಗದ ಪರೀಕ್ಷೆ, ಚಿಕಿತ್ಸೆಗಳನ್ನು ಬೆಟ್ಟದಲ್ಲಿಯೇ ದೊರಕಿಸಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಈ ರೋಗವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದ್ದು ಒಂದು ನಿಜವಾದ ಮುನ್ನಡೆ.

ಈಗ ಕಾನೂನಿನ ಅಂತರಕ್ಕೆ ಬರೋಣ. ೧೯೪೮ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯ ಮೇರೆಗೆ ಬೆಳೆದುಬಂದ ಏರ್ಪಾಟಿನಲ್ಲಿ ವಿಮೆಯುಳ್ಳ ರೋಗಿಗೆ ವರ್ಷಕ್ಕೆ ೯೧ ದಿನದವರೆಗೆ ವೇತನದ ಶೇಕಡ ೭೦ರಷ್ಟು ಸಲ್ಲುತ್ತದೆ; ಗೊತ್ತಾದ ಕೆಲವು ದೀರ್ಘರೋಗಗಳಿಗೆ ಶೇಕಡ ೮೦ರಂತೆ ಎರಡು ವರ್ಷ. ಆ ಕಾಯಿದೆಯ ಬದಲಿಗೆ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಹತ್ತು ಮಂದಿಗಿಂತ ಕಡಿಮೆ ಇರುವ ಸ್ಥಳಗಳಿಗೆ, ಅಪಾಯಕರವೆಂದು ಸರ್ಕಾರ ಸಾರಿದ ಕಸಬುಗಳ ಹೊರತು, ಇದು ಕಡ್ಡಾಯವಲ್ಲ. ನಾಲ್ಕು ಚರಕದ ಮನೆ, ಎರಡು ಮಗ್ಗದ ಮನೆ ಹೊರಗೇ ಉಳಿಯುತ್ತವೆ. ೧೯೯೫ರ ನೌಕರರ ವಿಶ್ರಾಂತಿವೇತನ ಯೋಜನೆಯಲ್ಲಿ ಹತ್ತು ವರ್ಷ ಸೇವೆಯಾದವನು ೫೦ಕ್ಕೇ ಕಡಿತದ ವೇತನ ಪಡೆಯಬಹುದು. ಅದೂ ನಮ್ಮ ನೇಕಾರನಿಗಲ್ಲ. ಅವನಿಗೆಂದು ಇರುವುದು ರಾಜ್ಯವು ೨೦೦೭ರಲ್ಲಿ ತಿಂಗಳಿಗೆ ೪೦೦ ರೂಪಾಯಿಯಂತೆ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆ. ಸಣ್ಣ ರೈತರು, ಕೃಷಿಕೂಲಿಗಳು, ನೇಕಾರರು, ಮೀನುಗಾರರು ಎಂದು ಹೆಸರಿಟ್ಟೇ ಅದು ಹೇಳಿತು. ಮೊತ್ತವೂ ಈಚೆಗೆ ಏರಿದೆ. ಆದರೆ ವಯಸ್ಸು ೬೫. ಐವತ್ತೆರಡಕ್ಕೆ ಕಣ್ಣೋ ಮಂಡಿಯೋ ಸೋತವನು ಹದಿಮೂರು ವರ್ಷ ಕಾಯಬೇಕು. ನಡುವೆ ಅಂಗವೈಕಲ್ಯದ ದಾರಿ ಹಿಡಿಯೋಣವೆಂದರೆ ಶೇಕಡ ೪೦ರ ಅಳತೆ ಮುಟ್ಟಬೇಕು; ಸವೆದ ಮಂಡಿ ಆ ಅಳತೆಗೆ ಏರುವುದು ಸುಲಭವಲ್ಲ. ಜೊತೆಗೆ ವಯಸ್ಸಿನ ದಾಖಲೆಯ ತೊಡಕು. ಶಾಲೆಗೆ ಹೋಗದವನ ಗುರುತುಚೀಟಿಯಲ್ಲಿ ಬರೆದವರು ಅಂದಾಜಿನಿಂದ ಹಾಕಿದ ವರ್ಷವಿರುತ್ತದೆ. ಅದು ನಾಲ್ಕೈದು ವರ್ಷ ಕಡಿಮೆಯಾಗಿದ್ದರೆ ಅಷ್ಟೂ ವರ್ಷದ ವೇತನ ಹೋಯಿತು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಮಗ್ಗದ ಮನೆಗಳಿಂದ, ಗೂಡಿನ ಮನೆಗಳಿಂದಲೇ ಬರುತ್ತಾರೆ. ರಜೆಯಲ್ಲಿ ಊರಿಗೆ ಹೋದಾಗ ಅವರು ತಮ್ಮ ಮನೆಯ ಹಿರಿಯರನ್ನು ಕೇಳಿ ಬರೆದು ತರಬಹುದಾದದ್ದು ಬಹಳವಿದೆ. ಯಾವಾಗ ನಿವೃತ್ತರಾದಿರಿ ಎಂದು ಕೇಳುವುದರಿಂದ ಪ್ರಯೋಜನವಿಲ್ಲವೆಂಬುದು ನಮ್ಮ ಅನುಭವ. ಕೊನೆಯ ಜರಿಸೀರೆ ನೇಯ್ದದ್ದು ಯಾವ ವರ್ಷ, ಯಾರ ಮದುವೆಯ ಮುಂಚೆಯೋ ಆಮೇಲೋ; ರಾತ್ರಿ ನೇಯುವುದನ್ನು ಬಿಟ್ಟದ್ದು ಯಾವಾಗ; ಕನ್ನಡಕ ಬಂದದ್ದು ಅದಕ್ಕೆ ಮುಂಚೆಯೋ ತರುವಾಯವೋ; ಮುಂಗಡ ತೀರಿದ್ದು ಎಂದು; ಬಾಂಡಲೆಯ ಮುಂದಿನಿಂದ ಅಜ್ಜಿ ಎದ್ದದ್ದು ಯಾವ ಚಳಿಗಾಲದಲ್ಲಿ. ಇವನ್ನು ಮದುವೆ, ಬರಗಾಲ, ಜಾತ್ರೆಗಳ ಗುರುತಿನಿಂದ ಕೇಳಿದರೆ ವರ್ಷಗಳು ಸಾಕಷ್ಟು ಖಚಿತವಾಗಿ ದೊರೆಯುತ್ತವೆ.